ಬೂದಿ ಮುಚ್ಚಿದ ಕೆಂಡ: ಮನೆಯ ಒಲೆಯ ಬಿಸಿ ಬೂದಿಯ ಸುರಕ್ಷಿತ ವಿಲೇವಾರಿ

ಪೀಠಿಕೆ

ಹೊರಗೆ ಶಾಂತವಾಗಿ ಕಂಡರೂ ಒಳಗೆ ಕುದಿಯುತ್ತಿರುವ ವೈರವನ್ನು 'ಬೂದಿ ಮುಚ್ಚಿದ ಕೆಂಡ' ಎಂದು ಕರೆಯುವುದು ಕನ್ನಡದ ರೂಢಿ. ಈ ನುಡಿಗಟ್ಟಿನ ಹಿಂದೆ ಅಡುಗೆಮನೆಯ ನಿತ್ಯದ ಅನುಭವವಿದೆ. ಬೆಂಕಿಪೆಟ್ಟಿಗೆ ಸುಲಭವಾಗಿ ದೊರೆಯದಿದ್ದ ಕಾಲದಲ್ಲಿ ಗೃಹಿಣಿಯರು ರಾತ್ರಿಯ ಅಡುಗೆ ಮುಗಿದ ಮೇಲೆ ಉಳಿದ ಕೆಂಡಗಳನ್ನು ಒಲೆಯ ಮೂಲೆಗೆ ಸರಿಸಿ, ಅವುಗಳ ಮೇಲೆ ದಪ್ಪನಾಗಿ ಬೂದಿ ಮುಚ್ಚಿಡುತ್ತಿದ್ದರು. ಬೆಳಗ್ಗೆ ಬೂದಿಯನ್ನು ಕೆದಕಿ, ನಾಲ್ಕು ತರಗೆಲೆಗಳನ್ನಿಟ್ಟು ಊದುಗೊಳವೆಯಿಂದ ಊದಿದರೆ ಬೆಂಕಿ ಮತ್ತೆ ಹೊತ್ತಿಕೊಳ್ಳುತ್ತಿತ್ತು. ಬೆಂಕಿಯನ್ನು ಕಾಪಾಡಲು ಬೂದಿಗಿಂತ ಉತ್ತಮವಾದ ಹೊದಿಕೆ ಬೇರೆ ಇಲ್ಲವೆಂಬುದನ್ನು ಹಳೆಯ ತಲೆಮಾರಿನವರು ಚೆನ್ನಾಗಿ ಬಲ್ಲವರಾಗಿದ್ದರು.

ಆದರೆ ಬೂದಿಯನ್ನು ಹೊರಗೆ ಚೆಲ್ಲುವ ವೇಳೆಗೆ ಈ ತಿಳಿವಳಿಕೆ ಮರೆತುಹೋಗುತ್ತದೆ. ಒಲೆಯಲ್ಲಿ ಜ್ವಾಲೆ ಕಾಣದಿದ್ದರೆ ಬೆಂಕಿ ಆರಿತೆಂದು ಭಾವಿಸುವುದು ಸಾಮಾನ್ಯ. ಅಂಥ ಬೂದಿಯನ್ನು ಪ್ಲಾಸ್ಟಿಕ್ ಬಕೆಟ್ಟಿಗೋ, ಗೋಣಿಚೀಲಕ್ಕೋ, ಕಸದ ತೊಟ್ಟಿಗೋ ಸುರಿದು ಮನೆಯವರು ತಮ್ಮ ತಮ್ಮ ಕೆಲಸಗಳಿಗೆ ಹೊರಟುಹೋಗುತ್ತಾರೆ. ಒಲೆಯೊಳಗೆ ಇರುವಷ್ಟು ಕಾಲ ಬೆಂಕಿಯ ಮೇಲೆ ಮನೆಯವರ ಕಣ್ಣಿರುತ್ತದೆ. ಬೂದಿಯ ಜೊತೆಯಲ್ಲಿ ಹೊರಗೆ ಹೋದ ಬೆಂಕಿಗೆ ಕಾವಲು ಇರುವುದಿಲ್ಲ. ಬಿಸಿ ಬೂದಿಯಿಂದ ಸಂಭವಿಸುವ ಅನಾಹುತಗಳ ಮೂಲ ಇದೇ ಆಗಿದೆ.

ಕಳೆದ ಕೆಲವು ದಶಕಗಳಲ್ಲಿ ಅಡುಗೆ ಅನಿಲದ ಬಳಕೆ ದೇಶದಲ್ಲಿ ಗಣನೀಯವಾಗಿ ಹೆಚ್ಚಿದೆ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಆರಂಭವಾದ ಪ್ರಧಾನಮಂತ್ರಿ ಉಜ್ವಲಾ ಯೋಜನೆಯ ಮೂಲಕ ಬಡ ಕುಟುಂಬಗಳಿಗೂ ಅನಿಲ ಸಂಪರ್ಕ ದೊರೆಯಿತು. ಹಾಗಿದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಅಡುಗೆಗೆ ಶುದ್ಧ ಇಂಧನವನ್ನು ಬಳಸುತ್ತಿದ್ದ ಕುಟುಂಬಗಳು ಶೇಕಡಾ 58.6 ಮಾತ್ರ. ಉಳಿದ ಮನೆಗಳಲ್ಲಿ ಬಹುಪಾಲು ಸೌದೆ, ಬೆರಣಿ, ಇದ್ದಿಲು ಮೊದಲಾದವುಗಳನ್ನೇ ಅವಲಂಬಿಸಿದ್ದವು. ಅನಿಲದ ಒಲೆ ಇರುವ ಮನೆಗಳಲ್ಲಿಯೂ ಸ್ನಾನದ ನೀರು ಕಾಯಿಸಲು, ಹಬ್ಬ ಹರಿದಿನಗಳಲ್ಲಿ ಹೆಚ್ಚಿನ ಅಡುಗೆ ಮಾಡಲು, ಚಳಿಗಾಲದಲ್ಲಿ ಮೈ ಕಾಯಿಸಿಕೊಳ್ಳಲು ಸೌದೆಯ ಬೆಂಕಿಯನ್ನು ಬಳಸುವುದುಂಟು. ಮುಂಬೈ, ಪುಣೆಗಳಲ್ಲಿ 'ಬಂಬ್' ಮತ್ತು 'ಶೇಗಡಿ', ದೆಹಲಿಯಲ್ಲಿ 'ಅಂಗೀಠಿ', ಕಟ್ಟಡ ಕಾಮಗಾರಿಯ ಶೆಡ್ಡುಗಳಲ್ಲಿ ಮೂರು ಕಲ್ಲಿನ ಒಲೆ ಹೀಗೆ ಹೆಸರು ಮತ್ತು ಆಕಾರಗಳು ಬೇರೆಯಾದರೂ ಕೊನೆಯಲ್ಲಿ ಉಳಿಯುವ ಬೂದಿಯ ಸ್ವಭಾವ ಒಂದೇ. ಆದುದರಿಂದ ಇದರ ವಿಲೇವಾರಿಯ ಕ್ರಮವನ್ನು ಪ್ರತಿಯೊಂದು ಕುಟುಂಬವೂ ತಿಳಿದಿರುವುದು ಅವಶ್ಯಕ.

ಬೂದಿಯೊಳಗೆ ಬೆಂಕಿ ಉಳಿಯುವುದು ಹೇಗೆ?

ಸೌದೆ ಉರಿಯುವಾಗ ಮೊದಲು ಅದರಲ್ಲಿನ ತೇವ ಆವಿಯಾಗುತ್ತದೆ. ಬಳಿಕ ಮರದಿಂದ ಹೊರಬರುವ ಅನಿಲಗಳು ಜ್ವಾಲೆಯಾಗಿ ಉರಿಯುತ್ತವೆ. ಈ ಅನಿಲಗಳು ತೀರಿದ ಮೇಲೆ ಉಳಿಯುವುದು ಇದ್ದಿಲು. ಇದ್ದಿಲು ಜ್ವಾಲೆಯಿಲ್ಲದೆ ಕೆಂಡವಾಗಿ ಉರಿಯುತ್ತದೆ. ಕತ್ತಲೆಯಲ್ಲಿ ಮಂದವಾದ ಕೆಂಪು ಬಣ್ಣ ತೋರುವ ಕೆಂಡದ ಉಷ್ಣತೆ ಸುಮಾರು 500ರಿಂದ 600 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಒಣಹುಲ್ಲು, ಕಾಗದ ಮೊದಲಾದವು ಹೊತ್ತಿಕೊಳ್ಳಲು 250 ಡಿಗ್ರಿಯ ಆಸುಪಾಸಿನ ಉಷ್ಣತೆ ಸಾಕು. ಪ್ಲಾಸ್ಟಿಕ್ ಚೀಲ, ಬಕೆಟ್ಟುಗಳು ಇದಕ್ಕಿಂತಲೂ ಬಹಳ ಕಡಿಮೆ ಉಷ್ಣತೆಯಲ್ಲಿಯೇ ಕರಗುತ್ತವೆ.

ಕೆಂಡದ ಮೇಲೆ ಬೂದಿಯ ಪದರವು ಕೂಡಿದಾಗ ಎರಡು ಪರಿಣಾಮಗಳುಂಟಾಗುತ್ತವೆ. ಬೂದಿಯ ಸೂಕ್ಷ್ಮ ಕಣಗಳ ನಡುವೆ ಗಾಳಿ ಸಿಕ್ಕಿಕೊಂಡಿರುವುದರಿಂದ ಅದು ಶಾಖವನ್ನು ಸುಲಭವಾಗಿ ಹೊರಗೆ ಬಿಡುವುದಿಲ್ಲ. ಚಳಿಗೆ ಹೊದೆಯುವ ಕಂಬಳಿ ಮೈಯ ಬಿಸಿಯನ್ನು ಹಿಡಿದಿಡುವಂತೆ ಬೂದಿಯು ಕೆಂಡದ ಬಿಸಿಯನ್ನು ಹಿಡಿದಿಡುತ್ತದೆ. ಇದು ಮೊದಲನೆಯದು. ಬೂದಿಯ ಪದರದ ಮೂಲಕ ಕೆಂಡಕ್ಕೆ ಸ್ವಲ್ಪ ಸ್ವಲ್ಪವಾಗಿ ಮಾತ್ರ ಗಾಳಿ ಒದಗುತ್ತದೆ. ಆದುದರಿಂದ ಕೆಂಡವು ಬೇಗನೆ ಉರಿದು ತೀರುವುದೂ ಇಲ್ಲ, ಪೂರ್ತಿಯಾಗಿ ಆರುವುದೂ ಇಲ್ಲ; ನಿಧಾನವಾಗಿ ಕನಲುತ್ತಿರುತ್ತದೆ. ಇದು ಎರಡನೆಯದು. ಹೀಗೆ ಬೂದಿಯ ರಾಶಿಯಲ್ಲಿ ಹುದುಗಿದ ಕೆಂಡಗಳು ಒಂದು ರಾತ್ರಿ ಮಾತ್ರವಲ್ಲದೆ ಹಲವು ದಿನಗಳವರೆಗೆ ಜೀವಂತವಾಗಿರಬಲ್ಲವು. ಮೇಲಿನ ಬೂದಿ ಕೈಗೆ ತಣ್ಣಗಿದ್ದರೂ ಒಳಗಿನ ಕೆಂಡ ತಣಿದಿದೆಯೆಂದು ಹೇಳಲಾಗದು. ಗಾಳಿ ಬೀಸಿ ಬೂದಿ ಹಾರಿದಾಗ, ಅಥವಾ ಯಾರಾದರೂ ಕೆದಕಿದಾಗ, ಆಮ್ಲಜನಕ ದೊರೆತ ಕೆಂಡವು ಮತ್ತೆ ನಿಗಿನಿಗಿ ಹೊಳೆಯುತ್ತದೆ.

ಇಂಧನ ಭೇದ

ಎಲ್ಲ ಇಂಧನಗಳ ಬೂದಿಯೂ ಒಂದೇ ಪ್ರಮಾಣದಲ್ಲಿರುವುದಿಲ್ಲ. ಒಣಗಿದ ಒಳ್ಳೆಯ ಸೌದೆ 100 ಕಿಲೋಗ್ರಾಂ ಉರಿದರೆ ಉಳಿಯುವ ಬೂದಿ ಒಂದೆರಡು ಕಿಲೋಗ್ರಾಂ ಮಾತ್ರ. ಬೆರಣಿಯಲ್ಲಿ ಬೂದಿ ಇದಕ್ಕಿಂತ ಬಹಳ ಹೆಚ್ಚು. ಭಾರತದ ಕಲ್ಲಿದ್ದಲಿನ ಅನೇಕ ದರ್ಜೆಗಳಲ್ಲಿ ಶೇಕಡಾ 30ರಿಂದ 45ರಷ್ಟು ಬೂದಿಯ ಅಂಶವಿರುತ್ತದೆ. ಕಲ್ಲಿದ್ದಲಿನ ಅಗ್ಗಿಷ್ಟಿಕೆಯಿಂದ ತೆಗೆದ ಬೂದಿಯಲ್ಲಿ ಅರ್ಧ ಸುಟ್ಟ ತುಂಡುಗಳು ಉಳಿದಿರುವುದು ಸಾಮಾನ್ಯ. ಇವು ಬಹಳ ಹೊತ್ತು ಬಿಸಿಯಾಗಿರುತ್ತವೆ. ಡಬ್ಬದಲ್ಲಿ ಮರದ ಹೊಟ್ಟನ್ನು ಗಟ್ಟಿಯಾಗಿ ತುಂಬಿ ಉರಿಸುವ ಒಲೆಯಲ್ಲಿಯೂ ಅಂಚಿನ ಹೊಟ್ಟು ಪೂರ್ತಿ ಉರಿಯದೆ ಒಳಗೊಳಗೇ ಕನಲುತ್ತಿರುತ್ತದೆ. ಆದ್ದರಿಂದ ಕಲ್ಲಿದ್ದಲು ಮತ್ತು ಹೊಟ್ಟಿನ ಒಲೆಗಳ ಬೂದಿಯ ವಿಷಯದಲ್ಲಿ ವಿಶೇಷ ಎಚ್ಚರಿಕೆ ಅಗತ್ಯ.

ಅನಾಹುತ ಸಂಭವಿಸುವ ಬಗೆ

ಕಲಬುರಗಿ, ಯಾದಗಿರಿ, ವಿಜಯಪುರ ಮುಂತಾದ ಜಿಲ್ಲೆಗಳಿಂದ ಅನೇಕ ಕುಟುಂಬಗಳು ಮುಂಬೈ, ಪುಣೆ, ಹೈದರಾಬಾದ್ ನಗರಗಳ ಕಟ್ಟಡ ಕೆಲಸಗಳಿಗೆ ಹೋಗಿ ನೆಲೆಸುತ್ತವೆ. ಅಂಥ ಒಂದು ಕುಟುಂಬವನ್ನು ಉದಾಹರಣೆಯಾಗಿ ಊಹಿಸಿಕೊಳ್ಳಬಹುದು. ತಾಯಿ ಬೆಳಗಿನ ಜಾವ ಐದಕ್ಕೆದ್ದು ಶೆಡ್ಡಿನ ಮುಂದಿನ ಮೂರು ಕಲ್ಲಿನ ಒಲೆಯಲ್ಲಿ ರೊಟ್ಟಿ, ಪಲ್ಯ ಮಾಡುತ್ತಾಳೆ. ಕೆಲಸಕ್ಕೆ ಹೊರಡುವ ಅವಸರದಲ್ಲಿ ಕೊಳ್ಳಿಗಳನ್ನು ಹಿರಿದು ನೀರು ಚಿಮುಕಿಸಿ, ಬೂದಿಯನ್ನು ಖಾಲಿ ಸಿಮೆಂಟ್ ಚೀಲದೊಳಕ್ಕೆ ಬಳಿದು ಶೆಡ್ಡಿನ ಹಿಂದುಗಡೆ ಇಡುತ್ತಾಳೆ. ಗಂಡ ಹೆಂಡತಿ ಎಂಟು ಗಂಟೆಗೆ ಕೆಲಸಕ್ಕೆ ಹೋಗುತ್ತಾರೆ. ಎಂಟು ವರ್ಷದ ಮಗಳ ಕೈಯಲ್ಲಿ ಕೂಸನ್ನು ಬಿಟ್ಟಿರುತ್ತಾರೆ. ಚೀಲದ ತಳ ಮೊದಲು ಕರಗುತ್ತದೆ. ಹೊತ್ತು ಏರಿದಂತೆ ಗಾಳಿ ಬೀಸತೊಡಗುತ್ತದೆ. ಚೀಲಕ್ಕೆ ತಾಗಿರುವ ಪ್ಲೈವುಡ್ ತುಂಡುಗಳು, ಹಳೆಯ ಬಟ್ಟೆ, ತಾಡಪಾಲು ಒಂದೊಂದಾಗಿ ಹೊತ್ತಿಕೊಳ್ಳುತ್ತವೆ. ಬೆಂಕಿ ಮೇಲೆದ್ದು ಕಾಣುವ ಹೊತ್ತಿಗೆ ಒಲೆ ಆರಿ ಆರು ಗಂಟೆ ಕಳೆದಿರುತ್ತದೆ. ಶೆಡ್ಡಿನೊಳಗೆ ಇರುವುದು ಇಬ್ಬರು ಮಕ್ಕಳು ಮಾತ್ರ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ತಾಯಿ ಅಜಾಗರೂಕಳಾಗಿರಲಿಲ್ಲ. ಆಕೆ ಕೊಳ್ಳಿಗಳನ್ನು ಆರಿಸಿದ್ದಳು, ಒಲೆಯನ್ನು ಬರಿದು ಮಾಡಿದ್ದಳು. ಬೂದಿಯನ್ನೂ ಬೆಂಕಿಯೆಂದೇ ಎಣಿಸಬೇಕೆಂಬ ಒಂದು ಸಂಗತಿ ಮಾತ್ರ ಅವಳ ಗಮನಕ್ಕೆ ಬಂದಿರಲಿಲ್ಲ.

ಅನಾಹುತಗಳು ಬೇರೆ ರೂಪಗಳಲ್ಲಿಯೂ ಸಂಭವಿಸುತ್ತವೆ. ಹಿತ್ತಲಲ್ಲಿ ಚೆಲ್ಲಿದ ಬೂದಿಯ ಮೇಲೆ ಬರಿಗಾಲಿನಲ್ಲಿ ಓಡಾಡುವ ಮಕ್ಕಳು ಅಂಗಾಲು ಸುಟ್ಟುಕೊಳ್ಳುತ್ತಾರೆ. ಬೆಚ್ಚಗಿನ ಜಾಗ ಹುಡುಕುವ ನಾಯಿ, ಬೆಕ್ಕುಗಳು ಬೂದಿಯಲ್ಲಿ ಮಲಗಿ ಗಾಯಗೊಳ್ಳುತ್ತವೆ. ಹಳ್ಳಿಗಳಲ್ಲಿ ತಿಪ್ಪೆಗೆ ಸುರಿದ ಬೂದಿಯಿಂದ ಹಾರಿದ ಕಿಡಿ ಪಕ್ಕದ ಬಣವೆಗೆ ತಗುಲಿದರೆ ವರ್ಷದ ಮೇವು ಒಂದು ಗಳಿಗೆಯಲ್ಲಿ ನಾಶವಾಗುತ್ತದೆ. ಕಸದ ವಾಹನಕ್ಕೆ ಸೇರಿದ ಬಿಸಿ ಬೂದಿ ಅಲ್ಲಿನ ಕಾಗದ, ಪ್ಲಾಸ್ಟಿಕ್‌ಗಳನ್ನು ಹೊತ್ತಿಸಿ, ಕಸವನ್ನು ಕೈಯಿಂದ ಬೇರ್ಪಡಿಸುವ ಪೌರಕಾರ್ಮಿಕರಿಗೆ ಅಪಾಯವನ್ನು ತಂದೊಡ್ಡುತ್ತದೆ.

ಅಗತ್ಯವಾದ ಸಲಕರಣೆಗಳು

ಬೂದಿಯ ಸುರಕ್ಷಿತ ವಿಲೇವಾರಿಗೆ ಹೆಚ್ಚಿನ ವೆಚ್ಚವೇನೂ ತಗಲುವುದಿಲ್ಲ. ಈ ಕೆಳಗಿನ ವಸ್ತುಗಳು ಸಾಕಾಗುತ್ತವೆ:

1. ಬಿಗಿಯಾದ ಮುಚ್ಚಳವುಳ್ಳ ಎರಡು ಲೋಹದ ಡಬ್ಬಗಳು. ಕಬ್ಬಿಣದ ಅಥವಾ ದಪ್ಪ ತಗಡಿನ ಡಬ್ಬಗಳು ಉತ್ತಮ. ತಳದಲ್ಲಿ ತೂತಾಗಲಿ, ತುಕ್ಕು ತಿಂದ ಭಾಗವಾಗಲಿ ಇರಕೂಡದು. ಬಣ್ಣ, ಪೆಟ್ರೋಲ್, ಕೀಟನಾಶಕ ತುಂಬಿದ್ದ ಡಬ್ಬಗಳನ್ನು ಬಳಸಕೂಡದು. ಅಲ್ಯೂಮಿನಿಯಂ ಪಾತ್ರೆಯೂ ಸೂಕ್ತವಲ್ಲ. ತೇವವಾದ ಬೂದಿಯ ಕ್ಷಾರವು ಅದನ್ನು ತಿನ್ನುತ್ತದೆ.

2. ಉದ್ದನೆಯ ಹಿಡಿಯ ಕಬ್ಬಿಣದ ಸಲಿಕೆ ಮತ್ತು ಕೆಂಡ ಹಿಡಿಯುವ ಇಕ್ಕಳ.

3. ಡಬ್ಬವನ್ನು ಇಡಲು ನಾಲ್ಕು ಇಟ್ಟಿಗೆಗಳು. ಡಬ್ಬದ ತಳ ಕಾದು ಕೆಳಗಿನ ಹಲಗೆ, ಚಾಪೆ ಅಥವಾ ಪ್ಲಾಸ್ಟಿಕ್ ಹಾಳೆ ಹೊತ್ತಿಕೊಳ್ಳುವ ಸಂಭವವಿರುವುದರಿಂದ ಇಟ್ಟಿಗೆಗಳು ಅವಶ್ಯಕ.

4. ಕೈಗೆ ಸಿಗುವಂತೆ ಒಂದು ಬಕೆಟ್ ನೀರು ಅಥವಾ ಒಣ ಮರಳು.

ವಿಲೇವಾರಿಯ ಕ್ರಮ

1. ಅಡುಗೆ ಮುಗಿಯುವ ಮುನ್ನವೇ ಹೊಸ ಸೌದೆ ಹಾಕುವುದನ್ನು ನಿಲ್ಲಿಸಬೇಕು. ಅರ್ಧ ಉರಿದ ಕೊಳ್ಳಿಗಳನ್ನು ಹೊರಗೆಳೆದು ಬೇರೆಯಾಗಿ, ಪೂರ್ತಿಯಾಗಿ ಆರಿಸಬೇಕು. ಹೀಗೆ ಮಾಡುವುದರಿಂದ ಸೌದೆಯ ಉಳಿತಾಯವೂ ಆಗುತ್ತದೆ.

2. ಬೂದಿಯನ್ನು ಸಾಧ್ಯವಾದಷ್ಟು ಹೊತ್ತು ಒಲೆಯಲ್ಲಿಯೇ ಬಿಡಬೇಕು. ರಾತ್ರಿಯ ಅಡುಗೆಯ ಬೂದಿಯನ್ನು ಮರುದಿನ ಒಲೆ ಹೊತ್ತಿಸುವ ಮೊದಲು ತೆಗೆಯುವುದು ಉತ್ತಮ. ಒಲೆಯಷ್ಟು ಸುರಕ್ಷಿತವಾದ ಸ್ಥಳ ಬೂದಿಗೆ ಮನೆಯಲ್ಲಿ ಬೇರೊಂದಿಲ್ಲ.

3. ಸಡಿಲವಾದ ಸೆರಗು, ದುಪಟ್ಟಾಗಳನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಚಪ್ಪಲಿ ಮೆಟ್ಟಿಕೊಂಡು, ಬೂದಿಯನ್ನು ಸಲಿಕೆಯಿಂದ ನಿಧಾನವಾಗಿ ಡಬ್ಬಕ್ಕೆ ಹಾಕಬೇಕು. ಎತ್ತರದಿಂದ ಸುರಿದರೆ ಕಿಡಿಗಳು ಹಾರುತ್ತವೆ. ಡಬ್ಬವನ್ನು ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಕೂಡದು. ಮಕ್ಕಳಿಗೆ ಈ ಕೆಲಸವನ್ನು ವಹಿಸಕೂಡದು.

4. ಡಬ್ಬದ ಮುಚ್ಚಳವನ್ನು ಕೂಡಲೇ ಬಿಗಿಯಾಗಿ ಮುಚ್ಚಬೇಕು. ಗಾಳಿಯ ಸಂಪರ್ಕ ತಪ್ಪಿದರೆ ಕೆಂಡವು ತಾನಾಗಿಯೇ ನಂದುತ್ತದೆ.

5. ಡಬ್ಬವನ್ನು ಮನೆಯ ಹೊರಗೆ, ಇಟ್ಟಿಗೆಗಳ ಮೇಲೆ, ಗೋಡೆ, ಸೌದೆಯ ರಾಶಿ ಮತ್ತು ವಾಹನಗಳಿಂದ ಕನಿಷ್ಠ 3 ಮೀಟರ್ ಅಂದರೆ ಸುಮಾರು 10 ಅಡಿ ದೂರದಲ್ಲಿಡಬೇಕು. ಅಡುಗೆ ಅನಿಲದ ಸಿಲಿಂಡರಿನ ಹತ್ತಿರ ಎಂದಿಗೂ ಇಡಕೂಡದು. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರವಾದುದು. ಸೋರಿಕೆಯಾದಾಗ ಅದು ನೆಲದ ಮೇಲೆ ಹರಡಿ ಕೆಂಡವಿರುವ ಸ್ಥಳವನ್ನು ತಲುಪಬಹುದು.

6. ಬೂದಿಯನ್ನು ಮುಚ್ಚಿದ ಡಬ್ಬದಲ್ಲಿ ಕನಿಷ್ಠ ನಾಲ್ಕು ದಿನ ಬಿಡಬೇಕು. ಹಳೆಯ ಬೂದಿಯ ಮೇಲೆ ಹೊಸ ಬೂದಿ ಹಾಕಿದರೆ ದಿನಗಳ ಲೆಕ್ಕವನ್ನು ಮತ್ತೆ ಮೊದಲಿನಿಂದ ಆರಂಭಿಸಬೇಕಾಗುತ್ತದೆ. ಎರಡು ಡಬ್ಬಗಳಿರಬೇಕೆಂದು ಹೇಳಿರುವುದು ಇದಕ್ಕಾಗಿಯೇ. ಒಂದು ವಾರ ಮೊದಲನೆಯ ಡಬ್ಬವನ್ನು ತುಂಬಿ, ಮುಂದಿನ ವಾರ ಅದನ್ನು ಮುಟ್ಟದೆ ಎರಡನೆಯದನ್ನು ಬಳಸಬೇಕು. ಎರಡನೆಯದು ತುಂಬುವ ಹೊತ್ತಿಗೆ ಮೊದಲನೆಯದು ತಣಿದಿರುತ್ತದೆ.

7. ಖಾಲಿ ಮಾಡುವ ಮುನ್ನ ಪರೀಕ್ಷಿಸಬೇಕು. ಬೂದಿಯೊಳಗೆ ಕೈ ಹಾಕಕೂಡದು. ಅಂಗೈಯ ಹಿಂಭಾಗವನ್ನು ಡಬ್ಬದ ಹೊರಮೈಯ ಹತ್ತಿರ ಹಿಡಿದು ಕಾವು ತಟ್ಟುವುದೇ ಎಂದು ನೋಡಬೇಕು. ಬಳಿಕ ಕಬ್ಬಿಣದ ಸರಳಿನಿಂದ ತಳದವರೆಗೆ ಕೆದಕಿ, ಸ್ವಲ್ಪ ನೀರು ಚಿಮುಕಿಸಬೇಕು. 'ಚುಂಯ್' ಎಂಬ ಸದ್ದು ಬಂದರೆ ಅಥವಾ ಹಬೆ ಎದ್ದರೆ ಬೂದಿ ಇನ್ನೂ ಆರಿಲ್ಲವೆಂದು ತಿಳಿಯಬೇಕು.

ನೀರಿನಿಂದ ಆರಿಸುವ ವಿಧಾನ

ಕಾಯಲು ಸಮಯವಾಗಲಿ ಸ್ಥಳವಾಗಲಿ ಇಲ್ಲದಿರುವಾಗ ಬೂದಿಯನ್ನು ನೀರಿನಿಂದ ಆರಿಸಬೇಕಾಗುತ್ತದೆ. ಇದರಲ್ಲಿ ಎರಡು ತಪ್ಪುಗಳು ಸಾಮಾನ್ಯ. ನಾಲ್ಕು ಹನಿ ಚಿಮುಕಿಸಿ ಬಿಡುವುದು ಒಂದು. ಇದರಿಂದ ಮೇಲಿನ ಪದರ ಮಾತ್ರ ನೆನೆದು ಹೆಪ್ಪುಗಟ್ಟುತ್ತದೆ. ಒಳಗಿನ ಕೆಂಡಕ್ಕೆ ನೀರು ತಲುಪುವುದಿಲ್ಲ. ಕೆಂಡಗಳ ಮೇಲೆ ಒಮ್ಮೆಲೇ ಒಂದು ಚೊಂಬು ನೀರನ್ನು ಎರಚುವುದು ಎರಡನೆಯದು. ಒಂದು ಲೀಟರ್ ನೀರು ಹಬೆಯಾದಾಗ ಸುಮಾರು 1,700 ಲೀಟರಿನಷ್ಟು ಸ್ಥಳವನ್ನು ಆಕ್ರಮಿಸುತ್ತದೆ. ಒಮ್ಮೆಲೇ ಚಿಮ್ಮುವ ಈ ಹಬೆ ಮತ್ತು ಅದರೊಂದಿಗೆ ಏಳುವ ಬಿಸಿ ಬೂದಿ ಮುಖ, ಕಣ್ಣು, ಕೈಗಳನ್ನು ಸುಡುತ್ತವೆ.

ಸರಿಯಾದ ಕ್ರಮದಲ್ಲಿ, ಲೋಹದ ಬಾಂಡ್ಲಿಯಲ್ಲಿ ಬೂದಿಯನ್ನು ತೆಳುವಾಗಿ ಹರಡಿ, ಮುಖವನ್ನು ದೂರವಿರಿಸಿಕೊಂಡು, ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ನೀರು ಹಾಕಬೇಕು. ಸಲಿಕೆಯಿಂದ ಮಗುಚಿ ಮತ್ತೆ ನೀರು ಹಾಕಬೇಕು. ಸದ್ದು ಮತ್ತು ಹಬೆ ಪೂರ್ತಿ ನಿಂತು, ಬೂದಿ ಕೆಸರಿನಂತಾಗುವವರೆಗೆ ಇದನ್ನು ಮುಂದುವರಿಸಬೇಕು. ಬಿಸಿ ಬೂದಿಗೆ ನೀರು ಹಾಕಿದ ಕೂಡಲೇ ಡಬ್ಬದ ಮುಚ್ಚಳವನ್ನು ಬಿಗಿಯಾಗಿ ಮುಚ್ಚಕೂಡದು. ಒಳಗೆ ಹಬೆಯ ಒತ್ತಡ ಹೆಚ್ಚಿ ಮುಚ್ಚಳ ಸಿಡಿಯಬಹುದು. ನೆನೆಸಿದ ಬೂದಿಯನ್ನು ಬಚ್ಚಲಿನ ಕೊಳವೆಗೆ ಸುರಿಯುವುದೂ ಸರಿಯಲ್ಲ. ಅದು ತಳಕ್ಕಿಳಿದು ಗಟ್ಟಿಯಾಗಿ ಕೊಳವೆಯನ್ನು ಮುಚ್ಚಿಬಿಡುತ್ತದೆ.

ಅಂಗಳವಿಲ್ಲದ ಮನೆಗಳಲ್ಲಿ

ನಗರಗಳ ಚಾಳುಗಳಲ್ಲಿ, ಹಳೆಯ ವಾಡೆಗಳಲ್ಲಿ, ಶೆಡ್ಡುಗಳ ಸಾಲಿನಲ್ಲಿ 10 ಅಡಿ ದೂರದ ಬಯಲು ಎಲ್ಲರಿಗೂ ಲಭ್ಯವಿರುವುದಿಲ್ಲ. ಇಂಥ ಕಡೆ ನೀರಿನಿಂದ ಆರಿಸುವ ವಿಧಾನವನ್ನೇ ಅನುಸರಿಸಬೇಕು. ಆರಿಸಿದ ಬೂದಿಯನ್ನೂ ಮುಚ್ಚಳವಿರುವ ಡಬ್ಬದಲ್ಲಿ ಕಲ್ಲಿನ ಅಥವಾ ಸಿಮೆಂಟಿನ ನೆಲದ ಮೇಲೆ ಇಡಬೇಕು. ಮರದ ಮಹಡಿ, ಮೆಟ್ಟಿಲಿನ ಕೆಳಭಾಗ, ಎಲ್ಲರೂ ಓಡಾಡುವ ಮೊಗಸಾಲೆ ಇವು ಬೂದಿಯನ್ನು ಇಡುವ ಸ್ಥಳಗಳಲ್ಲ. ಬೆಂಕಿ ಹೊತ್ತಿದಾಗ ತಪ್ಪಿಸಿಕೊಳ್ಳಬೇಕಾದ ದಾರಿಯಲ್ಲಿಯೇ ಬೆಂಕಿಯ ಮೂಲವನ್ನು ಇಟ್ಟಂತಾಗುತ್ತದೆ.

ಕಾಮಗಾರಿಯ ಸ್ಥಳಗಳಲ್ಲಿ ಹತ್ತಾರು ಕುಟುಂಬಗಳು ಒಟ್ಟಾಗಿ ಇರುವುದರಿಂದ ಸಾಮೂಹಿಕ ವ್ಯವಸ್ಥೆ ಸುಲಭ. ಶೆಡ್ಡುಗಳಿಂದ ದೂರದಲ್ಲಿ, ಗಾಳಿ ಬೀಸುವ ದಿಕ್ಕನ್ನು ಗಮನಿಸಿ, ಸುತ್ತಲೂ ಇಟ್ಟಿಗೆ ಕಟ್ಟಿದ ಒಂದು ಬೂದಿಗುಂಡಿಯನ್ನು ತೋಡಿ, ಅದಕ್ಕೆ ತಗಡಿನ ಮುಚ್ಚಳವನ್ನು ಹೊಂದಿಸಬಹುದು. ಪ್ರತಿ ಸಲ ಬೂದಿ ಹಾಕಿದ ಮೇಲೆ ಒಂದು ಪದರ ಮರಳು ಅಥವಾ ಹಸಿಮಣ್ಣನ್ನು ಹರಡಬೇಕು. ಇದಕ್ಕೆ ಬೇಕಾದ ಇಟ್ಟಿಗೆ, ಮರಳು, ಕೆಲಸ ಬಲ್ಲ ಕೈಗಳು ಎಲ್ಲವೂ ಆ ಸ್ಥಳದಲ್ಲಿಯೇ ಇರುತ್ತವೆ. ಗುತ್ತಿಗೆದಾರರು ಮತ್ತು ಮೇಸ್ತ್ರಿಗಳು ಇದನ್ನು ತಮ್ಮ ಕರ್ತವ್ಯವೆಂದು ಭಾವಿಸಿ ಮೊದಲ ವಾರದಲ್ಲಿಯೇ ಮಾಡಿಸಿಕೊಡುವುದು ಯೋಗ್ಯ.

ಮುಚ್ಚಿದ ಕೋಣೆ ಮತ್ತು ವಿಷಾನಿಲ

ಚಳಿಗಾಲದಲ್ಲಿ ಬೂದಿಯ ಡಬ್ಬವನ್ನಾಗಲಿ, ಕೆಂಡದ ಅಗ್ಗಿಷ್ಟಿಕೆಯನ್ನಾಗಲಿ ಮಲಗುವ ಕೋಣೆಯಲ್ಲಿ ಇಟ್ಟುಕೊಳ್ಳುವುದು ಪ್ರಾಣಾಪಾಯಕ್ಕೆ ದಾರಿ. ಸಾಕಷ್ಟು ಗಾಳಿಯಿಲ್ಲದೆ ಕನಲುವ ಕೆಂಡದಿಂದ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹೊರಬರುತ್ತದೆ. ಇದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿನ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚಾಗಿ ಈ ಅನಿಲದತ್ತ ಆಕರ್ಷಿತವಾಗುತ್ತದೆ. ಪರಿಣಾಮವಾಗಿ ದೇಹಕ್ಕೆ ಆಮ್ಲಜನಕದ ಪೂರೈಕೆ ಕುಂಠಿತಗೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ, ಮಂಪರು ಇದರ ಲಕ್ಷಣಗಳು. ನಿದ್ರೆಯಲ್ಲಿರುವವರಿಗೆ ಇವು ಅರಿವಿಗೆ ಬರುವ ಮೊದಲೇ ಪ್ರಜ್ಞೆ ತಪ್ಪುತ್ತದೆ. ದೆಹಲಿ ಮತ್ತು ಉತ್ತರ ಭಾರತದ ಇತರ ನಗರಗಳಲ್ಲಿ ಬಾಗಿಲು ಕಿಟಕಿಗಳನ್ನು ಮುಚ್ಚಿ ಅಂಗೀಠಿ ಇಟ್ಟುಕೊಂಡು ಮಲಗಿದವರು ಮರಣ ಹೊಂದಿದ ವರದಿಗಳು ಚಳಿಗಾಲದಲ್ಲಿ ಮತ್ತೆ ಮತ್ತೆ ಬರುತ್ತಿರುತ್ತವೆ. ದಕ್ಷಿಣದಿಂದ ಹೋಗಿ ಅಲ್ಲಿನ ಕಡುಚಳಿಗೆ ಹೊಸಬರಾದವರು ಈ ವಿಷಯವನ್ನು ಮುಖ್ಯವಾಗಿ ಅರಿತಿರಬೇಕು. ಮೇಲೆ ಬೂದಿ ಮುಚ್ಚಿದ ಮಾತ್ರಕ್ಕೆ ಅಗ್ಗಿಷ್ಟಿಕೆ ನಿರಪಾಯಕಾರಿ ಆಗುವುದಿಲ್ಲ. ಅನಿಲವು ಬೂದಿಯ ಪದರದ ಮೂಲಕ ಸುಲಭವಾಗಿ ಹೊರಬರುತ್ತದೆ. ಮಲಗುವ ಮುನ್ನ ಅಗ್ಗಿಷ್ಟಿಕೆಯನ್ನು ಹೊರಗಿಡುವುದೊಂದೇ ಸರಿಯಾದ ಮಾರ್ಗ.

ಬೂದಿಯ ಕೆಳಗಿರುವ ಕೆಂಡವನ್ನು ಮತ್ತೆ ಹೊತ್ತಿಸಲು ಸೀಮೆಎಣ್ಣೆ ಸುರಿಯುವ ಅಭ್ಯಾಸವೂ ಅತ್ಯಂತ ಅಪಾಯಕಾರಿ. ಬಿಸಿಗೆ ಆವಿಯಾದ ಎಣ್ಣೆ ಒಮ್ಮೆಲೇ ಹೊತ್ತಿ ಮುಖಕ್ಕೆ ರಾಚುತ್ತದೆ.

ತಣಿದ ಬೂದಿಯ ಉಪಯೋಗ

ಪೂರ್ತಿಯಾಗಿ ತಣಿದ ಸೌದೆಯ ಬೂದಿ ಕಸವಲ್ಲ. ಅದರಲ್ಲಿ ಸುಣ್ಣದ ಅಂಶ, ಪೊಟ್ಯಾಷ್ ಮತ್ತು ಸ್ವಲ್ಪ ರಂಜಕವಿರುತ್ತವೆ. ಹುಳಿಮಣ್ಣಿನ ತೋಟಗಳಿಗೆ ಮಿತವಾಗಿ ಹಾಕಿದರೆ ಮಣ್ಣಿನ ಹುಳಿ ತಗ್ಗುತ್ತದೆ. ಯೂರಿಯಾದಂಥ ಗೊಬ್ಬರಗಳೊಂದಿಗೆ ಬೆರೆಸಕೂಡದು. ಅದರಿಂದ ಸಾರಜನಕವು ಅಮೋನಿಯಾ ಅನಿಲವಾಗಿ ನಷ್ಟವಾಗುತ್ತದೆ. ಕಬ್ಬಿಣ, ಹಿತ್ತಾಳೆಯ ಪಾತ್ರೆಗಳನ್ನು ಬೂದಿಯಿಂದ ಬೆಳಗುವುದು ಹಿಂದಿನಿಂದಲೂ ಬಂದ ಪದ್ಧತಿ. ಬೂದಿಯ ಕ್ಷಾರವು ಜಿಡ್ಡನ್ನು ಕಳೆಯುತ್ತದೆ. ಆದರೆ ಬೂದಿ ಆರಿದೆಯೇ ಎಂದು ನೋಡದೆ ತೆಂಗಿನ ನಾರಿನಿಂದ ಬಾಚಿಕೊಳ್ಳಲು ಹೋಗಿ ಬೆರಳು ಸುಟ್ಟುಕೊಳ್ಳುವವರು ವಿರಳವಲ್ಲ.

ಎರಡು ಬಗೆಯ ಬೂದಿಗಳನ್ನು ಈ ಯಾವ ಕೆಲಸಕ್ಕೂ ಬಳಸಕೂಡದು. ಕಲ್ಲಿದ್ದಲಿನ ಬೂದಿಯಲ್ಲಿ ಸೀಸ, ಆರ್ಸೆನಿಕ್ ಮುಂತಾದ ವಿಷಧಾತುಗಳಿರಬಹುದು. ಬಣ್ಣ ಬಳಿದ ಅಥವಾ ರಾಸಾಯನಿಕ ಸವರಿದ ಮರದ ತುಂಡುಗಳ ಬೂದಿಯೂ ಅಂಥದೇ. ಕಟ್ಟಡದ ಸ್ಥಳಗಳಲ್ಲಿ ಇಂಥ ತುಂಡುಗಳನ್ನು ಒಲೆಗೆ ಹಾಕುವ ರೂಢಿಯಿದೆ. ಇವುಗಳ ಹೊಗೆಯೂ ಹಾನಿಕರವಾದುದರಿಂದ ಅಡುಗೆಗೆ ಬಳಸದಿರುವುದೇ ಲೇಸು.

ಸುಟ್ಟ ಗಾಯಗಳಿಗೆ ಪ್ರಥಮ ಚಿಕಿತ್ಸೆ

ಬೂದಿಯಿಂದ ಸುಟ್ಟ ಭಾಗವನ್ನು ಕೂಡಲೇ ಹರಿಯುವ ತಣ್ಣೀರಿನ ಕೆಳಗೆ 20 ನಿಮಿಷ ಹಿಡಿಯಬೇಕು. ಮಂಜುಗಡ್ಡೆ ಇಡಕೂಡದು. ಬಾವು ಬರುವ ಮೊದಲೇ ಬಳೆ, ಉಂಗುರ, ಕಾಲುಂಗುರಗಳನ್ನು ತೆಗೆಯಬೇಕು. ಚರ್ಮಕ್ಕೆ ಅಂಟಿಕೊಂಡ ಬಟ್ಟೆಯನ್ನು ಕೀಳಬಾರದು. ಟೂತ್‌ಪೇಸ್ಟ್, ತುಪ್ಪ, ಶಾಯಿ, ಅರಿಸಿನ ಇವಾವುದನ್ನೂ ಹಚ್ಚದೆ, ಶುದ್ಧವಾದ ಬಟ್ಟೆಯನ್ನು ಸಡಿಲವಾಗಿ ಹೊದಿಸಿ ಆಸ್ಪತ್ರೆಗೆ ಕರೆದೊಯ್ಯಬೇಕು. ಮಕ್ಕಳ ಅಂಗಾಲಿನ ಗಾಯ ಚಿಕ್ಕದೆಂದು ಕಂಡರೂ ವೈದ್ಯರಿಗೆ ತೋರಿಸುವುದು ಅವಶ್ಯಕ. ಕಣ್ಣಿಗೆ ಬೂದಿ ಬಿದ್ದರೆ ಉಜ್ಜದೆ, ಶುದ್ಧವಾದ ನೀರಿನಿಂದ 20 ನಿಮಿಷ ತೊಳೆದು ವೈದ್ಯರನ್ನು ಕಾಣಬೇಕು. ಬೂದಿ ಕ್ಷಾರವಾದುದರಿಂದ ಕಣ್ಣಿನ ಪೊರೆಗೆ ಹಾನಿಯಾಗಬಹುದು. ಬಟ್ಟೆಗೆ ಬೆಂಕಿ ಹತ್ತಿದವರು ಓಡಕೂಡದು. ನೆಲಕ್ಕೆ ಮಲಗಿ ಉರುಳಬೇಕು, ಅಥವಾ ಅವರ ಮೈಗೆ ದಪ್ಪ ಕಂಬಳಿ ಸುತ್ತಬೇಕು. ಅಗ್ನಿಶಾಮಕ ದಳಕ್ಕೆ 101, ಎಲ್ಲ ಬಗೆಯ ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಸಾರ್ವಜನಿಕ ಹೊಣೆ

2016ರ ಜನವರಿಯಲ್ಲಿ ಮುಂಬೈಯ ದೇವನಾರ್, 2022ರ ಏಪ್ರಿಲಿನಲ್ಲಿ ದೆಹಲಿಯ ಭಲಸ್ವಾ ಮತ್ತು ಚೆನ್ನೈಯ ಪೆರುಂಗುಡಿ ಕಸದ ರಾಶಿಗಳಿಗೆ ಬೆಂಕಿ ತಗುಲಿ, ಅದನ್ನು ಆರಿಸಲು ಅಗ್ನಿಶಾಮಕ ಸಿಬ್ಬಂದಿ ಹಲವು ದಿನ ಶ್ರಮಿಸಬೇಕಾಯಿತು. ಈ ಬೆಂಕಿಗಳಿಗೆ ಮನೆಯ ಬೂದಿ ಕಾರಣವೆಂದು ಇಲ್ಲಿ ಹೇಳುತ್ತಿಲ್ಲ. ಕಸದ ರಾಶಿಯ ಒಳಗೆ ಇಳಿದ ಬೆಂಕಿಯನ್ನು ನಂದಿಸುವುದು ಎಷ್ಟು ಕಷ್ಟವೆಂಬುದಕ್ಕೆ ಇವು ನಿದರ್ಶನಗಳು. ಒಂದು ಮನೆಯ ಡಬ್ಬದಲ್ಲಿ ನಾಲ್ಕು ದಿನಗಳಲ್ಲಿ ತಾನಾಗಿ ಆರುವ ಕೆಂಡವನ್ನು ಊರಿನ ಕಸಕ್ಕೆ ಸೇರಿಸಿ, ಅದನ್ನು ಆರಿಸುವ ಭಾರವನ್ನು ಇತರರ ಮೇಲೆ ಹೊರಿಸುವುದು ನ್ಯಾಯವಲ್ಲ. ತಣಿದ ಬೂದಿಯನ್ನು ಬೇರೆಯಾಗಿ ಕಟ್ಟಿ, ಅದು ಬೂದಿಯೆಂದು ಪೌರಕಾರ್ಮಿಕರಿಗೆ ತಿಳಿಸಿ ಕೊಡುವುದು ನಾಗರಿಕರ ಕರ್ತವ್ಯವಾಗಿದೆ.

ಬೆಂಕಿಯನ್ನು ಬೂದಿಯಲ್ಲಿ ಕಾಪಾಡುತ್ತಿದ್ದ ಹಿರಿಯರು ಅದರ ಆಯುಷ್ಯವನ್ನು ಬಲ್ಲವರಾಗಿದ್ದರು. ಅದೇ ತಿಳಿವಳಿಕೆಯನ್ನು ಬೂದಿ ಚೆಲ್ಲುವಾಗಲೂ ನೆನಪಿನಲ್ಲಿಟ್ಟರೆ ಎಷ್ಟೋ ಮನೆಗಳು, ಎಷ್ಟೋ ಮಕ್ಕಳು ಸುರಕ್ಷಿತವಾಗಿರುತ್ತಾರೆ. ಒಲೆಯ ಕೆಲಸವು ಜ್ವಾಲೆ ಆರಿದಾಗ ಮುಗಿಯುವುದಿಲ್ಲ, ಬೂದಿ ತಣಿದಾಗ ಮುಗಿಯುತ್ತದೆ.

ಚರ್ಚೆಗೆ ಪ್ರಶ್ನೆಗಳು

1. ಮೇಲಿನ ಬೂದಿ ತಣ್ಣಗಿದ್ದರೂ ಒಳಗೆ ಕೆಂಡ ಉಳಿಯಲು ಕಾರಣಗಳೇನು?
2. ಎರಡು ಡಬ್ಬಗಳನ್ನು ಸರದಿಯಂತೆ ಬಳಸುವುದು ಏಕೆ ಅಗತ್ಯ?
3. ಬಿಸಿ ಬೂದಿಯ ಮೇಲೆ ಒಮ್ಮೆಲೇ ನೀರು ಎರಚಿದರೆ ಏನಾಗುತ್ತದೆ?
4. ಓದುಗರು ವಾಸಿಸುವ ಸ್ಥಳದಲ್ಲಿ ಬೂದಿಯನ್ನು ಇಡಲು ಸೂಕ್ತವಾದ ಜಾಗ ಯಾವುದು? ನೆರೆಹೊರೆಯವರು ಸೇರಿ ಬೂದಿಗುಂಡಿಯನ್ನು ಮಾಡಿಕೊಳ್ಳಲು ಸಾಧ್ಯವೇ?